ಡೆಪ್ತ್ ಚಾರ್ಜ್ ಲಾಂಚರ್: ನಿವೃತ್ತ ನೌಕಾಧಿಕಾರಿ ಸುಧಾಕರ್ ಅವರಿಗೆ ನಿಮ್ಮ ಪ್ರಶ್ನೆಗಳು

ವಿನಯ್: ಸರ್, ಚಾರ್ಜನ್ನು ಹಡಗಿನ ಹಿಂದಿನಿಂದ ಉರುಳಿಸಿದರೆ ಸಾಕಲ್ವಾ? ಎಸೆಯೋ ಲಾಂಚರ್ ಯಾಕೆ ಬೇಕಾಯ್ತು?

ಸುಧಾಕರ್: ಡೆಪ್ತ್ ಚಾರ್ಜ್ ಅಂದರೆ ಸಬ್‌ಮರೀನ್ ಒಡೆಯಲು ನೀರಿನಾಳದಲ್ಲಿ ಸಿಡಿಯುವ ಮದ್ದಿನ ಡ್ರಮ್. 1916ರಲ್ಲಿ ಬ್ರಿಟಿಷರು ಹಾಗೇ ಉರುಳಿಸುತ್ತಿದ್ದರು. ಎಲ್ಲವೂ ಹಡಗಿನ ಹಾದಿಯಲ್ಲೇ ಒಂದು ಸಾಲಾಗಿ ಬೀಳುತ್ತಿದ್ದವು. ಸಬ್‌ಮರೀನ್ ಸ್ವಲ್ಪ ಪಕ್ಕಕ್ಕೆ ತಿರುಗಿತೋ, ಮುಗೀತು. 136 ಕಿಲೋ ಮದ್ದಿದ್ದರೂ ಅದರ ಗಟ್ಟಿ ಒಡಲು ಸೀಳಲು ಕೆಲವೇ ಮೀಟರ್ ಹತ್ತಿರ ಸಿಡಿಯಬೇಕು. 1917ರಲ್ಲಿ ಥಾರ್ನಿಕ್ರಾಫ್ಟ್ ಲಾಂಚರ್ ಬಂತು. ಸುಮಾರು 40 ಗಜ ದೂರ ಎಸೆಯುತ್ತಿತ್ತು. ಹಿಂದೆ ಒಂದೆರಡು, ಎಡಕ್ಕೊಂದು, ಬಲಕ್ಕೊಂದು ಬಿದ್ದರೆ ತಪ್ಪಿಸಿಕೊಳ್ಳುವುದು ಕಷ್ಟ.

ಲತಾ: ವೈ-ಗನ್, ಕೆ-ಗನ್ ಅಂತಾರಲ್ಲ, ಏನು ವ್ಯತ್ಯಾಸ?

ಸುಧಾಕರ್: ವೈ-ಗನ್ ಅಮೆರಿಕದ್ದು, 1918. ಎರಡು ತೋಳು, ಒಂದೇ ಸಲಕ್ಕೆ ಎರಡೂ ಕಡೆ ಒಂದೊಂದು. ಡೆಕ್ಕಿನ ನಟ್ಟನಡುವೆ ಕೂರಿಸಬೇಕು, ಒಳ್ಳೇ ಜಾಗವೆಲ್ಲ ಅದಕ್ಕೇ. 1942ರ ಕೆ-ಗನ್‌ಗೆ ಒಂದೇ ತೋಳು. ಅಂಚಿನಲ್ಲಿ ಸಾಲಾಗಿ ಇಡಬಹುದು.

ಕಿರಣ್: ಎಷ್ಟು ಆಳದಲ್ಲಿ ಸಿಡೀಬೇಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?

ಸುಧಾಕರ್: ನೀರಿನ ಒತ್ತಡದಿಂದ. ಆಳವನ್ನು ಮೊದಲೇ ಸೆಟ್ ಮಾಡಿರುತ್ತಾರೆ.

ಮಂಜು: ಸರ್, ನನ್ನ ತಮ್ಮ ಡೈವಿಂಗ್ ಮಾಡ್ತಾನೆ. ಮುಳುಗಿದ ಹಳೇ ಯುದ್ಧ ಹಡಗಿನ ಪಕ್ಕ ತುಕ್ಕು ಹಿಡಿದ ಡ್ರಮ್ ನೋಡಿದ್ದಾನೆ. ಡ್ರಮ್ಮಿನ ಕೆಳಗೆ ಬಾಗಿದ ತಟ್ಟೆ, ತಟ್ಟೆಗೆ ಒಂದು ದಪ್ಪ ಕಂಬ. ಇನ್ನೊಂದು ಗ್ರೂಪಲ್ಲಿ ಫಾರ್ವರ್ಡ್ ಬಂದಿದೆ: "50 ವರ್ಷ ದಾಟಿದ ಮದ್ದು ಸತ್ತಿರುತ್ತೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ವಿನೆಗರ್‌ನಲ್ಲಿ ಉಜ್ಜಿದರೆ ಹೊಸದರಂತೆ ಆಗುತ್ತೆ." ಮೇಲೆ ತರಬಹುದಾ?

ಸುಧಾಕರ್: ಮುಟ್ಟಬೇಡಿ. ಮೊದಲು ತಮ್ಮನಿಗೆ ಫೋನ್ ಮಾಡಿ, ಆಮೇಲೆ ಇದನ್ನು ಓದಿ.

ಆ ಕಂಬ ಲಾಂಚರ್‌ನ ಕೊಳವೆಯೊಳಗೆ ಇಳಿಯುವಂಥದ್ದು. ಚಾರ್ಜನ್ನು ತಟ್ಟೆಯ ಮೇಲೆ ಕಟ್ಟಿ ಹಾರಿಸುತ್ತಾರೆ. ಹಾರಿದ ಮೇಲೆ ಎರಡೂ ಬೇರೆಯಾಗಬೇಕು. ಇನ್ನೂ ಜೊತೆಗೇ ಇವೆ ಅಂದರೆ, ಬಹುಶಃ ಲೋಡ್ ಆಗಿ ಕೂತಿದ್ದ ಚಾರ್ಜ್ ಹಾಗೇ ಹಡಗಿನ ಜೊತೆ ಮುಳುಗಿದೆ. ಸೇಫ್‌ನಲ್ಲಿತ್ತೋ, ಆಳ ಸೆಟ್ ಆಗಿ ನೀರಿನ ಒತ್ತಡ ತಳ್ಳುವ ಪಿಸ್ಟನ್ ಅರ್ಧದಲ್ಲಿ ಸಿಕ್ಕಿಕೊಂಡಿದೆಯೋ, ಹೊರಗಿನಿಂದ ಯಾರೂ ಹೇಳಲಾರರು. ಸುತ್ತಿಗೆಯ ಒಂದೇ ಏಟು ಆ ಉತ್ತರ ಕೊಡುತ್ತದೆ.

ಒಳಗಿನ ಮದ್ದು ಟಿಎನ್‌ಟಿ ಸಮುದ್ರದ ನೀರಲ್ಲಿ ಕರಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಅದಕ್ಕೆ ವಯಸ್ಸಾಗಿ ಸಾಯುವ ಅಭ್ಯಾಸ ಇಲ್ಲ. 1941ರ ಅಕ್ಟೋಬರ್ 31ರಂದು ಅಮೆರಿಕದ ಯುದ್ಧ ಹಡಗು ರೂಬೆನ್ ಜೇಮ್ಸ್ ಮುಳುಗಿದಾಗ ಅದರದೇ ಚಾರ್ಜ್‌ಗಳು ಕೆಳಗೆ ಹೋಗಿ ಸಿಡಿದವು. ನೀರಲ್ಲಿ ತೇಲುತ್ತಿದ್ದವರು ಸತ್ತರು. ಜಾಗ ಗುರುತಿಟ್ಟುಕೊಂಡು ಕೋಸ್ಟ್ ಗಾರ್ಡ್‌ಗೆ ತಿಳಿಸಿ. ಆ ಫಾರ್ವರ್ಡ್ ಕಳಿಸಿದವರಿಗೂ ಇದನ್ನು ಕಳಿಸಿ.

ಪ್ರಸಾದ್: ಇದೆಲ್ಲಾ ಹಳೇ ಕಥೆ. ಮುಂದಕ್ಕೆ ಗುಂಡು ಹಾರಿಸೋ ಹೆಜ್‌ಹಾಗ್ ಬಂದ ಮೇಲೆ ಡೆಪ್ತ್ ಚಾರ್ಜ್ ದಂಡ.

ಗಣೇಶ್: ದಂಡ ಆಗಿದ್ರೆ ಯುದ್ಧ ಮುಗಿಯೋವರೆಗೂ ಯಾಕೆ ಇಟ್ಕೊಂಡಿದ್ರು?

ಪ್ರಸಾದ್: 1944ರ ಮೇನಲ್ಲಿ ಯುಎಸ್‌ಎಸ್ ಇಂಗ್ಲೆಂಡ್ 12 ದಿನದಲ್ಲಿ ಆರು ಜಪಾನಿ ಸಬ್‌ಮರೀನ್ ಮುಳುಗಿಸಿದ್ದು ಹೆಜ್‌ಹಾಗ್‌ನಿಂದ. ಸ್ವಲ್ಪ ಓದ್ಕೊಂಡು ಬನ್ನಿ.

ಗಣೇಶ್: ಹೆಜ್‌ಹಾಗ್ ತಗುಲದಿದ್ರೆ ಸಿಡಿಯೋದೇ ಇಲ್ಲ. ಡೆಪ್ತ್ ಚಾರ್ಜ್ ತಪ್ಪಿದ್ರೂ ಒಳಗಿರೋರ ಜೀವ ಬಾಯಿಗೆ ಬರುತ್ತೆ. ಅದೂ ಓದಿ.

ಸುಧಾಕರ್: ಇಬ್ಬರೂ ಅರ್ಧ ಸರಿ. ಸದ್ದಿನಿಂದ ಸಬ್‌ಮರೀನ್ ಹುಡುಕುವ ಸೋನಾರ್ ಮುಂದಕ್ಕೆ ನೋಡುತ್ತದೆ, ಚಾರ್ಜ್ ಹಿಂದೆ ಬೀಳುತ್ತದೆ. ಹಡಗು ಸಬ್‌ಮರೀನ್ ಮೇಲೆ ಬರುವ ಹೊತ್ತಿಗೆ ಸದ್ದು ಕೈತಪ್ಪಿರುತ್ತದೆ. ಹಳೇ ಚಾರ್ಜ್ ಸೆಕೆಂಡಿಗೆ ಸುಮಾರು 3 ಮೀಟರ್ ಇಳಿಯುತ್ತಿತ್ತು. 100 ಮೀಟರ್‌ಗೆ ಅರ್ಧ ನಿಮಿಷದ ಮೇಲಾಯ್ತು. ಅಷ್ಟರಲ್ಲಿ ಒಳ್ಳೇ ಕ್ಯಾಪ್ಟನ್ ಎತ್ತಲೋ ತಿರುಗಿರುತ್ತಾನೆ. ಹೆಜ್‌ಹಾಗ್ 24 ಗುಂಡುಗಳನ್ನು ಮುಂದಕ್ಕೇ ಹಾರಿಸಿ ಈ ಕುರುಡು ಹೊತ್ತನ್ನು ತಪ್ಪಿಸಿತು. ಬ್ರಿಟಿಷರ ಲೆಕ್ಕದಲ್ಲಿ ಡೆಪ್ತ್ ಚಾರ್ಜ್‌ಗೆ ಸುಮಾರು 60 ದಾಳಿಗೊಂದು ಬಲಿ, ಹೆಜ್‌ಹಾಗ್‌ಗೆ ಸುಮಾರು 6ಕ್ಕೊಂದು. ಆಮೇಲೆ ಬಂದ ಸ್ಕ್ವಿಡ್ ಮೂರು ನಳಿಗೆಯದು. ಅದೂ ಮುಂದಕ್ಕೇ ಹಾರಿಸುತ್ತಿತ್ತು, ಆದರೆ ಸೋನಾರ್ ಹೇಳಿದ ಆಳದಲ್ಲಿ ಸಿಡಿಯುತ್ತಿತ್ತು.

ಪ್ರಸಾದ್: ನಾನು ಹೇಳಿದ್ದೂ ಅದೇ.

ಗಣೇಶ್: ನೀವು ಹೇಳಿದ್ದು ದಂಡ ಅಂತ. ಮೇಲೆ ಇದೆ, ಡಿಲೀಟ್ ಮಾಡ್ಬೇಡಿ.

ರೇಖಾ: ಸರ್, ವೈ-ಗನ್ ಮಾಡೆಲ್ ಮಾಡ್ಬೇಕು, ನಕ್ಷೆ ಎಲ್ಲಿ ಸಿಗುತ್ತೆ?

ನವೀನ್: ಫಾರ್ವರ್ಡ್ ಬಂದಿತ್ತು, ಮೇಲೆ ಎಣ್ಣೆ ತೇಲಿದರೆ ಸಬ್‌ಮರೀನ್ ಮುಳುಗಿದ ಹಾಗೇ ಅಂತೆ. ನಿಜಾನಾ?

ಸುಧಾಕರ್: ಬೇಕಂತಲೇ ಎಣ್ಣೆ ಬಿಟ್ಟು ಮೋಸ ಮಾಡುತ್ತಿದ್ದರು. ಫಾರ್ವರ್ಡ್ ಸಾಕು.

ಸಂತೋಷ್: ಸರ್, ಸಿಡಿಯೋ ಆಳ ಅದಕ್ಕೆ ಹೇಗೆ ಗೊತ್ತಾಗುತ್ತೆ?

ಸುಧಾಕರ್: ಮೇಲೆ ಓದಿ.

ಪ್ರಸಾದ್: ಗಣೇಶ್ ಅವರೇ, ನಿಮ್ಮ ಭಾಷೆ ಸ್ವಲ್ಪ ನೋಡ್ಕೊಳ್ಳಿ.

ಗಣೇಶ್: ಶುರು ಮಾಡಿದ್ದು ಯಾರು ಸ್ವಾಮಿ?

ಸುಧಾಕರ್: ನಿಮ್ಮ ಜಗಳ ಬೇರೆ ಕಡೆ ಮಾಡ್ಕೊಳ್ಳಿ. ಮಂಜು, ಫೋನ್ ಮಾಡಿದ್ರಾ?

ಮಂಜು: ಮಾಡಿದೆ ಸರ್, ಕೋಸ್ಟ್ ಗಾರ್ಡ್‌ನವರು ಜಾಗ ಬರ್ಕೊಂಡ್ರು. ಆ ಕಂಬ ಒಂದನ್ನ ಮಾತ್ರ ಬಿಚ್ಕೊಂಡು ಬರಬಹುದಾ ಅಂತ ತಮ್ಮ ಕೇಳ್ತಿದ್ದಾನೆ.

ಸುಧಾಕರ್: ಬೇಡ.