ಅಪ್ಪನ ಹಾರ್ಡ್ ಡಿಸ್ಕ್‌ನಲ್ಲಿ ಒಂದೇ ಫೈಲ್ ನಾಲ್ಕು ಕಡೆ: ಅಳಿಸಿದ ಅನುಭವ ಇದ್ದವರು ಹೇಳಿ

ಅಪ್ಪ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಕಂಪ್ಯೂಟರ್ ಬದಲಾದಾಗಲೆಲ್ಲ ಹಳೆಯದನ್ನು ಇಡಿಯಾಗಿ ಹೊಸದಕ್ಕೆ ಸುರಿದಿದ್ದಾರೆ. 1 ಟಿಬಿ ಡಿಸ್ಕ್ ಭರ್ತಿ. ‘ಬ್ಯಾಕಪ್’, ‘ಬ್ಯಾಕಪ್ ಹೊಸದು’, ‘ಇದೇ ಕೊನೇದು’, ಒಂದರ ಹೊಟ್ಟೆಯಲ್ಲಿ ಇನ್ನೊಂದು. ಒಂದು ಸಂಜೆ ಕೈಯಲ್ಲೇ ಅಳಿಸಲು ಕೂತೆ. ತಂಗಿ ಮದುವೆಯ ಫೋಟೋ ಇಲ್ಲಿದೆ ಅಂತ ಅಲ್ಲಿ, ಅಲ್ಲಿದೆ ಅಂತ ಇಲ್ಲಿ ತೆಗೆದುಹಾಕಿಬಿಟ್ಟಿದ್ದೆ. ಪುಣ್ಯಕ್ಕೆ ರೀಸೈಕಲ್ ಬಿನ್‌ನಲ್ಲಿದ್ದವು. ವಿಂಡೋಸ್ ಯಂತ್ರ.

ಮದುವೆ ಫೋಟೋಗ್ರಾಫರ್:
ಮೇಡಂ, ನಕಲು ಫೈಲ್ ಹುಡುಕೋ ‘ಡೂಪ್‌ಗುರು’ ಅನ್ನೋ ತಂತ್ರಾಂಶ ಹಾಕಿಕೊಳ್ಳಿ, ಉಚಿತ. ಹುಡುಕೋದು ಸಲೀಸು, ಯಾವ ಪ್ರತಿ ಉಳಿಸಬೇಕು ಅನ್ನೋದೇ ತಲೆನೋವು. ಅದಕ್ಕೇ ಮೊದಲು ಒಂದು ಫೋಲ್ಡರನ್ನು ‘ಇದು ಅಸಲಿ’ ಅಂತ ತೀರ್ಮಾನಿಸಿ, ಡೂಪ್‌ಗುರುವಿನಲ್ಲಿ ಅದನ್ನು ‘ರೆಫರೆನ್ಸ್’ ಮಾಡಿ. ಅದರೊಳಗಿನ ಫೈಲನ್ನು ನೀವೇ ಹೇಳಿದರೂ ಅದು ಅಳಿಸಲ್ಲ. ನಿಮಗಾದ ಎಡವಟ್ಟು ಆಗ ಆಗೋದೇ ಇಲ್ಲ. ಸ್ಕ್ಯಾನ್ ಹೆಸರಿನ ಮೇಲಲ್ಲ, ‘ಕಂಟೆಂಟ್ಸ್’ ಅಂದರೆ ಫೈಲಿನ ಒಳಗಿನದ್ದರ ಮೇಲಿರಲಿ. ಕ್ಯಾಮೆರಾ ಎಣಿಕೆ 9999 ದಾಟಿದರೆ ಮತ್ತೆ ಮೊದಲಿನಿಂದ ಶುರು, ಒಂದೇ ಹೆಸರಿನ ಎರಡು ಬೇರೆ ಫೋಟೋ ನನ್ನಲ್ಲೇ ರಾಶಿ ಇವೆ.

ಸಿಕ್ಕಿದ್ದನ್ನು ಡಿಲೀಟ್ ಒತ್ತಬೇಡಿ. ‘ಮೂವ್’ ಮಾಡಿ ಬೇರೆ ಫೋಲ್ಡರ್‌ಗೆ ಹಾಕಿ, ಹಳೆಯ ಪಾತ್ (ಯಾವ ಫೋಲ್ಡರ್‌ನಲ್ಲಿತ್ತು ಅನ್ನೋದು) ಹಾಗೇ ಉಳಿಸೋ ಆಯ್ಕೆ ಸೆಟ್ಟಿಂಗ್‌ನಲ್ಲಿದೆ. ತಿಂಗಳು ಬಿಟ್ಟು ಅಳಿಸಿ. ವಾಟ್ಸಾಪ್‌ನಲ್ಲಿ ಬಂದ ಫೋಟೋ ಮಾತ್ರ ಈ ಲೆಕ್ಕಕ್ಕೆ ಸಿಗಲ್ಲ. ಅದು ಕುಗ್ಗಿಸಿ ಕಳಿಸುತ್ತೆ, ಕಣ್ಣಿಗೆ ಅದೇ ಫೋಟೋ, ಒಳಗೆ ಬೇರೆ ಫೈಲ್. ಅದಕ್ಕೆ ‘ಪಿಕ್ಚರ್’ ಮೋಡ್ ಇದೆ, ಆದರೆ ಅಲ್ಲಿ ಒಂದೊಂದನ್ನೂ ಕಣ್ಣಾರೆ ನೋಡಿ. ಒಂದೇ ಭಂಗಿಯಲ್ಲಿ ಸಾಲಾಗಿ ತೆಗೆದ ಧಾರೆಯ ಫೋಟೋಗಳನ್ನೂ ಅದು ಅವಳಿ ಅಂದುಬಿಡುತ್ತೆ.

ಲಿನಕ್ಸ್ ಹಿಡಿದವನು:
ಈ ಸಾಧನಗಳು ಮೊದಲು ಗಾತ್ರ ನೋಡ್ತವೆ. ಗಾತ್ರ ಒಂದೇ ಇದ್ದರೆ ಮಾತ್ರ ಒಳಗಿನದ್ದರ ಹ್ಯಾಶ್ (ಫೈಲಿನ ಬೆರಳಚ್ಚು ಇದ್ದಂತೆ) ತೆಗೆದು ಹೋಲಿಸ್ತವೆ. ಹಾಗಾಗಿ ಖಾಲಿ ಫೈಲ್‌ಗಳೆಲ್ಲ ಒಂದಕ್ಕೊಂದು ನಕಲು! ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳಲ್ಲಿ ಖಾಲಿ ‘ಇನಿಟ್’ ಫೈಲ್ ಬೇಕಂತಲೇ ಇಟ್ಟಿರ್ತಾರೆ. ನಾನು ಲಿನಕ್ಸ್‌ನ ನಕಲು ಹುಡುಕೋ ಸಾಧನ ಎಫ್‌ಡ್ಯೂಪ್ಸ್‌ಗೆ ‘ಕೇಳದೆ ಅಳಿಸು’ ಅಂತ ಆಜ್ಞೆ ಕೊಟ್ಟು ಅವನ್ನೆಲ್ಲ ಗುಡಿಸಿಹಾಕಿದ್ದೆ, ಒಂದು ವಾರದ ಕೆಲಸ ಹಳ್ಳ ಹಿಡೀತು. ನಿಮ್ಮದು ವಿಂಡೋಸ್, ಸಿ ಡ್ರೈವ್ ತಂಟೆಗೆ ಹೋಗಲೇಬೇಡಿ. ಅಲ್ಲಿ ನಕಲು ಅಂತ ಕಾಣೋದು ಎಷ್ಟೋ ಹಾರ್ಡ್ ಲಿಂಕ್ (ಒಂದೇ ಫೈಲಿಗೆ ಇಟ್ಟ ಇನ್ನೊಂದು ಹೆಸರು), ಅಳಿಸಿದರೂ ಜಾಗ ಉಳಿಯಲ್ಲ.

ಇನ್ನೊಬ್ಬರು:
ಆ ಫೋಲ್ಡರ್ ಗೂಗಲ್ ಡ್ರೈವ್‌ಗೋ ಒನ್‌ಡ್ರೈವ್‌ಗೋ ಸಿಂಕ್ ಆಗ್ತಿದ್ದರೆ ಇಲ್ಲಿ ಅಳಿಸಿದ್ದು ಅಲ್ಲೂ ಹೋಗುತ್ತೆ. ಮೊದಲು ಸಿಂಕ್ ನಿಲ್ಲಿಸಿ. ಪೆನ್ ಡ್ರೈವ್‌ನಿಂದ ಅಳಿಸಿದ್ದಕ್ಕೆ ರೀಸೈಕಲ್ ಬಿನ್ ಸಾಮಾನ್ಯವಾಗಿ ಇರಲ್ಲ.

ಡಿಟಿಪಿ ಅಂಗಡಿಯವ:
ಮೇಷ್ಟ್ರ ಫೈಲ್ ಅಂದಿರಿ, ‘ನುಡಿ’ಯೋ ‘ಬರಹ’ವೋ, ಆ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿರ್ತಾರೆ. ಅದೇ ಲೇಖನ ಆಮೇಲೆ ಯೂನಿಕೋಡ್‌ಗೆ (ಈಗ ಎಲ್ಲೆಡೆ ಬಳಸೋ ಅಕ್ಷರ ಸಂಕೇತ) ಬದಲಾಗಿದ್ದರೆ ಯಾವ ಸಾಧನಕ್ಕೂ ಎರಡೂ ಒಂದೇ ಅಂತ ಗೊತ್ತಾಗಲ್ಲ. ಕೈಯಲ್ಲೇ ನೋಡಬೇಕು. ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲಾದರೂ ಕೆಟ್ಟಿರಬಹುದು, ಹಳೆಯ ಪ್ರತಿ ಬಿಸಾಡಬೇಡಿ. ಅದನ್ನು ಓದಲು ಬೇಕಾದ ಫಾಂಟ್ ಫೈಲನ್ನೂ ಜೊತೆಗೆ ಇಟ್ಟುಕೊಳ್ಳಿ.

ಕೇಳಿದವಳು, ಎರಡು ವಾರದ ಮೇಲೆ:
ಎಲ್ಲರಿಗೂ ಥ್ಯಾಂಕ್ಸ್. ಮೊದಲು ಇಡೀ ಡಿಸ್ಕನ್ನು ತಮ್ಮನ ಡಿಸ್ಕ್‌ಗೆ ಕಾಪಿ ಮಾಡಿದೆ. (ಐದನೇ ಪ್ರತಿ ಅಂತ ಅವನು ನಕ್ಕ.) ರೆಫರೆನ್ಸ್ ಇಟ್ಟು ಸ್ಕ್ಯಾನ್ ಮಾಡಿದೆ, ಅರ್ಧಕ್ಕರ್ಧ ನಕಲೇ. ಎಲ್ಲ ‘ಅಟ್ಟ’ ಅನ್ನೋ ಫೋಲ್ಡರ್‌ಗೆ ಸೇರಿವೆ. ನುಡಿ ಫೈಲ್‌ಗಳನ್ನು ಮಾತ್ರ ಮುಟ್ಟಿಲ್ಲ. ಅಪ್ಪ ಪಕ್ಕದಲ್ಲಿ ಕೂತು ಒಂದೊಂದೇ ತೆಗೆದು ಓದ್ತಿದ್ದಾರೆ, ದಿನಕ್ಕೆ ಮೂರು ಮುಗಿದರೆ ಹೆಚ್ಚು.