ನಿಷಿದ್ಧ ಪ್ರೇಮದ ಐತಿಹಾಸಿಕ ಕಾದಂಬರಿ: ಜೋಡಿ ಬದುಕಬೇಕೋ, ಸಾಯಬೇಕೋ?

ಕರಡುಪ್ರತಿ:

ಕಾದಂಬರಿ ನಡೆಯೋದು 1160ರ ದಶಕದ ಕಲ್ಯಾಣದಲ್ಲಿ. ಹುಡುಗಿ ಅಗ್ರಹಾರದವಳು, ಹುಡುಗ ಮಂಜೀರಾ ನದಿಯಲ್ಲಿ ಹರಿಗೋಲು ಹಾಕುವ ಅಂಬಿಗ. ಇಬ್ಬರೂ ಕಲ್ಪಿತ ಪಾತ್ರಗಳು. ಸುತ್ತಲಿನ ಘಟನೆಗಳು ಮಾತ್ರ ಎಲ್ಲರಿಗೂ ಗೊತ್ತಿರುವಂಥವು: ಮಧುವರಸರ ಮಗಳಿಗೂ ಹರಳಯ್ಯನವರ ಮಗನಿಗೂ ಆದ ಮದುವೆ, ಅಪ್ಪಂದಿರಿಗೆ ಎಳೆಹೂಟೆಯ ಶಿಕ್ಷೆ (ಆನೆಯ ಕಾಲಿಗೆ ಕಟ್ಟಿ ಎಳೆಸೋದು), ಬಿಜ್ಜಳನ ಕೊಲೆ, ಶರಣರು ಊರು ಬಿಟ್ಟು ಚದುರಿದ್ದು.

ಮುಕ್ತಾಯಕ್ಕೆ ಎರಡು ದಾರಿ ಇವೆ. ಒಂದು, ಇಬ್ಬರೂ ಸೈನಿಕರ ಕೈಗೆ ಸಿಕ್ಕಿ ಒಟ್ಟಿಗೆ ಸಾಯ್ತಾರೆ, ಊರವರು ಅವರ ಹೆಸರಲ್ಲಿ ಕಲ್ಲು ನಿಲ್ಲಿಸ್ತಾರೆ. ಇನ್ನೊಂದು, ಚನ್ನಬಸವಣ್ಣನವರ ಗುಂಪಿನ ಜೊತೆ ಉಳವಿ ಸೇರಿ ಸಂಸಾರ ಹೂಡ್ತಾರೆ. ಮೊದಲನೆಯದು ಓದುಗರು ಹತ್ತನೇ ಪುಟದಲ್ಲೇ ಊಹಿಸಿಬಿಡುವ ಕಥೆ. ಎರಡನೆಯದು ಆ ಕಾಲಕ್ಕೆ ಬಗೆದ ದ್ರೋಹ ಅನ್ನಿಸಬಹುದು. ಯಾವುದನ್ನು ಹೇಗೆ ಕಟ್ಟಿದರೆ ನಂಬಿಕೆ ಹುಟ್ಟುತ್ತೆ?

ಶಾಸನಪ್ರಿಯ:

ಸುಖವೋ ದುಃಖವೋ ಅನ್ನೋದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಈ ಪ್ರೇಮಕ್ಕೆ ಅಡ್ಡ ನಿಂತವರು ಯಾರು, ಅವರ ಕೈ ಎಲ್ಲಿಯವರೆಗೆ ಚಾಚುತ್ತೆ, ಇದನ್ನು ಮೊದಲು ಬರೆದುಕೊಳ್ಳಿ. ಮುಕ್ತಾಯ ಅಲ್ಲಿಂದಲೇ ಬರಬೇಕು. ತಡೆಯುವವರ ಕೈಗೆ ಒಂದು ಕೊನೆ ಇದ್ದರೆ ಜೋಡಿ ಬದುಕಬಹುದು, ಇಲ್ಲದಿದ್ದರೆ ಇಲ್ಲ. ಲೇಖಕರ ಮನಸ್ಸು ಮೃದುವೋ ಕಠಿಣವೋ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ.

ನಿಮ್ಮ ಅದೃಷ್ಟಕ್ಕೆ, ಆ ತಡೆ ಹೇಗಿತ್ತು ಅಂತ ತಿಳಿಸುವ ಗ್ರಂಥ ಹುಟ್ಟಿದ್ದೇ ಕಲ್ಯಾಣದಲ್ಲಿ. ಆರನೇ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಮಿತಾಕ್ಷರ. ನಿಮ್ಮ ಕಥೆಗೆ ಒಂದೆರಡು ತಲೆಮಾರು ಹಿಂದಿನದು. ಅದು ವ್ಯಾಖ್ಯಾನಿಸುವ ಮೂಲದಲ್ಲಿ ಸ್ತ್ರೀಸಂಗ್ರಹಣ ಪ್ರಕರಣ, ಅಂದರೆ ನಿಷಿದ್ಧ ಸಂಬಂಧದ ಶಿಕ್ಷೆಗಳ ಭಾಗ ನೋಡಿ. ಒಂದೇ ವರ್ಣದವರಾದರೆ ಉತ್ತಮ ದಂಡ (ಅತಿ ಹೆಚ್ಚಿನ ದಂಡ), ಅನುಲೋಮವಾದರೆ, ಅಂದರೆ ಗಂಡು ಮೇಲಿನ ವರ್ಣದವನಾದರೆ, ಮಧ್ಯಮ ದಂಡ. ಪ್ರತಿಲೋಮವಾದರೆ, ಅಂದರೆ ನಿಮ್ಮ ಜೋಡಿಯ ಹಾಗೆ ಗಂಡು ಕೆಳಗಿನ ವರ್ಣದವನಾದರೆ, ಗಂಡಿಗೆ ವಧೆ, ಹೆಣ್ಣಿಗೆ ಕಿವಿ ಮುಂತಾದ ಅಂಗಗಳ ಛೇದನ. ಗ್ರಂಥದಲ್ಲಿದ್ದುದೆಲ್ಲ ಅಕ್ಷರಶಃ ಜಾರಿಯಾಗ್ತಿತ್ತು ಅಂತ ತಿಳಿಯಬೇಡಿ. ಆದರೆ ಪಾತ್ರಗಳ ಎದೆಯಲ್ಲಿದ್ದ ಭಯದ ಆಕಾರ ಇದೇ.

ಇಲ್ಲೊಂದು ಗಮನಿಸಿ. ಇಬ್ಬರಿಗೂ ಒಂದೇ ಶಿಕ್ಷೆ ಇಲ್ಲ. ಅವನು ಸಾಯಬೇಕು, ಅವಳು ಗುರುತು ಹೊತ್ತು ಬದುಕಬೇಕು. ಹಾಗಾಗಿ ಕೈ ಕೈ ಹಿಡಿದು ಒಟ್ಟಿಗೆ ಸಾಯುವ ನಿಮ್ಮ ಮೊದಲ ಮುಕ್ತಾಯ ಕೇಳೋಕೆ ಕರುಣಾಜನಕವಾಗಿದ್ದರೂ ಆ ಕಾಲದ ತರ್ಕಕ್ಕೆ ಒಗ್ಗಲ್ಲ.

ಕಲ್ಲಿನ ವಿಷಯ ಇನ್ನೂ ಕಷ್ಟ. ವೀರಗಲ್ಲಾಗಲಿ ಮಾಸ್ತಿಗಲ್ಲಾಗಲಿ ತಾನಾಗಿ ಎದ್ದು ನಿಲ್ಲಲ್ಲ. ಅದನ್ನು ಮಾಡಿಸುವ ಬಂಧುಗಳೋ ಒಡೆಯನೋ ಊರೋ ಇರಬೇಕು, ಶಿಲ್ಪಿಗೆ ಕೊಡಬೇಕು, ಸತ್ತವರ ಮನೆಯವರಿಗೆ ಕೆಲವು ಸಲ ಭೂಮಿಯನ್ನೂ ಬಿಡಬೇಕು. ಕಲ್ಲು ಅಂದರೆ ಸಮುದಾಯ ಮೆಚ್ಚಿದ ಸಾವು. ಬಳೆ ತೊಟ್ಟು ಎತ್ತಿದ ಕೈಯ ಮಾಸ್ತಿಗಲ್ಲು ಸಹಗಮನ ಮಾಡಿದ ಹೆಂಡತಿಗೆ ಸಿಗುವ ಗೌರವ. ಅಗ್ರಹಾರವೇ ಒಪ್ಪದ ಮದುವೆಗೆ ಆ ಗೌರವ ಕೊಡೋರು ಯಾರು? ಕಲ್ಲು ಬೇಕೇ ಬೇಕು ಅಂದರೆ ನಿಲ್ಲಿಸಿದವರ ಹೆಸರು, ಅವರಿಗೆ ಆ ಧೈರ್ಯ ಬಂದ ಕಾರಣ, ಎರಡೂ ಕಥೆಯಲ್ಲಿ ಬರಬೇಕು.

ಮೂಡಣದಾರಿ:

ಉಳವಿಯ ಬಗ್ಗೆ ನನ್ನ ತಕರಾರು. ಪರಂಪರೆಯ ಕಥನದಲ್ಲಿ ಸೇನೆ ಬೆನ್ನಟ್ಟಿದ್ದೇ ಆ ಗುಂಪನ್ನು. ಮಡಿವಾಳ ಮಾಚಯ್ಯನವರು ಹಿಂದೆ ನಿಂತು ತಡೆದದ್ದು, ಕಾದರವಳ್ಳಿಯ ಹತ್ತಿರ ಕಾಳಗ ನಡೆದದ್ದು, ಎಲ್ಲ ಆ ದಾರಿಯಲ್ಲೇ. ತಲೆ ಮರೆಸಿಕೊಳ್ಳಬೇಕಾದ ಜೋಡಿಯನ್ನು ಎಲ್ಲರ ಕಣ್ಣಿರುವ ದಾರಿಗೆ ಯಾಕೆ ಕಳಿಸ್ತೀರಿ? ದೂರವೂ ಕಮ್ಮಿಯಲ್ಲ. ಇಂದಿನ ಬಸವಕಲ್ಯಾಣದಿಂದ ಉಳವಿ 450 ಕಿ.ಮೀ.ಗೂ ಹೆಚ್ಚು. ಗಂಟು ಹೊತ್ತವರು ದಿನಕ್ಕೆ 20 ಕಿ.ಮೀ. ನಡೆದರೂ ಮೂರು ವಾರ ದಾಟುತ್ತೆ. ನಡುವೆ ಭೀಮೆ, ಕೃಷ್ಣೆ, ಘಟಪ್ರಭೆ, ಮಲಪ್ರಭೆ. ಮಳೆಗಾಲ ಇಟ್ಟರೆ ಒಂದೊಂದು ನದಿಯೂ ವಾರಗಟ್ಟಲೆ ತಡೆಯಬಹುದು.

ಪೂರ್ವಕ್ಕೆ ತಿರುಗಿಸಿ. ಕಾಕತೀಯ ರುದ್ರದೇವ 1163ರ ಹನುಮಕೊಂಡ ಶಾಸನದ ಹೊತ್ತಿಗೆ ಸ್ವತಂತ್ರ ರಾಜ. ಬಿಜ್ಜಳನ ಆಜ್ಞೆ ಅಲ್ಲಿ ನಡೆಯಲ್ಲ. ಸುಮಾರು 300 ಕಿ.ಮೀ., ಹದಿನೈದು ಇಪ್ಪತ್ತು ದಿನದ ನಡಿಗೆ, ದಾಟಬೇಕಾದ ದೊಡ್ಡ ನದಿ ಮಂಜೀರಾ ಒಂದೇ. ಅದು ನಿಮ್ಮ ಹುಡುಗನ ಕೈಯಲ್ಲೇ ಇದೆ! ಅಲ್ಲಿ ಶರಣರ ನೆನಪು ಉಳಿಯಿತು ಅನ್ನೋದಕ್ಕೂ ಆಧಾರ ಉಂಟು: ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ ಆ ಸೀಮೆಯಲ್ಲೇ ಹುಟ್ಟಿದ್ದು, ಭೀಮಕವಿ ಅದನ್ನು ಕನ್ನಡಕ್ಕೆ ತಂದದ್ದು 1369ರಲ್ಲಿ.

ಹಗಲು ದಾರಿಯಲ್ಲಿ ಸುಂಕದವರು ಇರ್ತಾರೆ. ಪೆರ್ಜುಂಕ, ವಡ್ಡರಾವುಳ ಅನ್ನೋ ಸುಂಕಗಳ ಅಧಿಕಾರಿಗಳಿಗೆ ಯಾರು ಏನು ಹೊತ್ತು ಹೋದರು ಅನ್ನೋದೇ ಕೆಲಸ. ಅದಕ್ಕೆ ಅಯ್ಯಾವೊಳೆ ಐನೂರ್ವರು ಅನ್ನೋ ವರ್ತಕ ಸಂಘದ ಸಾರ್ಥ (ಸರಕು ಹೊತ್ತು ಒಟ್ಟಿಗೆ ಸಾಗುವ ತಂಡ) ಒಳ್ಳೆಯ ಮರೆ. ರಾಜ್ಯದಿಂದ ರಾಜ್ಯಕ್ಕೆ ಹೋಗೋದು ಅವರಿಗೆ ನಿತ್ಯದ ವ್ಯವಹಾರ. ಅವನು ಹೇರೆತ್ತಿನ ಆಳಾಗಿ ಸೇರಬಹುದು. ಅವಳ ಮಾತಿನ ಧಾಟಿ ಮತ್ತು ಹೊರೆ ಹೊತ್ತು ರೂಢಿಯಿಲ್ಲದ ಕತ್ತು ಗುಟ್ಟು ಬಿಟ್ಟುಕೊಡುತ್ತೆ.

ನದಿ ದಾಟುವ ದೃಶ್ಯವನ್ನು ಹಾಡಿನ ಹಾಗೆ ತೇಲಿಸಬೇಡಿ, ಕಸುಬು ಕಾಣಲಿ. ಹರಿಗೋಲು ಅಂದರೆ ಬಿದಿರ ದಬ್ಬೆಯ ಹೆಣಿಗೆ, ಹೊರಗೆ ಚರ್ಮ, ದೋಣಿಯ ತಳದಲ್ಲಿರುವಂಥ ಏಣು ಇದಕ್ಕಿಲ್ಲ. ಹುಟ್ಟನ್ನು ಒಂದೇ ಕಡೆ ಹಾಕಿದರೆ ಗಿರಗಿರ ಸುತ್ತುತ್ತೆ. ಪ್ರವಾಹದಲ್ಲಿ ಎದುರು ದಡಕ್ಕೆ ನೇರ ಹೋಗೋಕೆ ಆಗಲ್ಲ. ಇಳಿಯಬೇಕಾದ ಜಾಗಕ್ಕಿಂತ ಬಹಳ ಮೇಲೆ ನೀರಿಗಿಳಿದು, ಸೆಳವಿಗೆ ಬಿಟ್ಟುಕೊಡುತ್ತಾ ಓರೆಯಾಗಿ ಸಾಗಬೇಕು. ಕೂತವರು ಅಂಚಿಗೆ ಸರಿದರೆ ನೀರು ಒಳಗೆ. ದಡ ಸೇರಿದ ಮೇಲೆ ಕವುಚಿ ಒಣಗಿಸದಿದ್ದರೆ ಚರ್ಮ ಕೊಳೆಯುತ್ತೆ, ಹಾಗಾಗಿ ಕವುಚಿಟ್ಟ ಒದ್ದೆ ಹರಿಗೋಲು ಈಗಷ್ಟೇ ಯಾರೋ ದಾಟಿದರು ಅನ್ನೋದಕ್ಕೆ ಸಾಕ್ಷಿ. ಬೆನ್ನಟ್ಟಿದವರಿಗೆ ಆ ಸುಳಿವು ಸಿಗಲಿ. ಅವರನ್ನು ತಡೆಯೋದು ಉಳಿದ ಹರಿಗೋಲುಗಳೆಲ್ಲ ಆಚೆ ದಡದಲ್ಲಿರೋದು. ಅದನ್ನು ಆಚೆಗೆ ಒಯ್ದಿಟ್ಟವರು ಅವನ ಅಣ್ಣತಮ್ಮಂದಿರು. ಸಿಕ್ಕಿಬೀಳೋರೂ ಅವರೇ.

ರುದ್ರರಂಗ:

ದುರಂತವನ್ನು ಇಷ್ಟು ಬೇಗ ಕೈಬಿಡೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಪಾರಾಗುವ ಜೋಡಿ ಸಾವಿರ ಓದುಗರಿಗೆ ಸಮಾಧಾನ ಕೊಡಬಹುದು, ಆದರೆ ಪಾರಾಗದ ಸಾವಿರ ಜೋಡಿಗಳ ಲೆಕ್ಕ ಯಾರು ಇಡಬೇಕು? ಐತಿಹಾಸಿಕ ಕಾದಂಬರಿಗೆ ಆ ಜವಾಬ್ದಾರಿ ಇದೆ.

ಆದರೆ ದುರಂತ ಕೆಡುವ ಜಾಗಗಳಿವೆ. ತಲುಪದ ಓಲೆ, ತಡವಾಗಿ ಬಂದ ಗೆಳೆಯ, ಆ ಹೊತ್ತಿಗೇ ಕಾಲು ಉಳುಕಿದ್ದು, ಇಂಥ ಆಕಸ್ಮಿಕದಿಂದ ಜೋಡಿ ಸತ್ತರೆ ಜಾತಿಕಟ್ಟಳೆ ನಿರಪರಾಧಿ ಆಗಿಬಿಡುತ್ತೆ. ಓದುಗರು ಕಾಲವನ್ನು ಬಿಟ್ಟು ಅದೃಷ್ಟವನ್ನು ಬೈದುಕೊಂಡು ಪುಸ್ತಕ ಮುಚ್ಚುತ್ತಾರೆ. ಪರೀಕ್ಷೆ ಸುಲಭ: ಆ ಒಂದು ಆಕಸ್ಮಿಕ ತೆಗೆದರೂ ಅವರು ಸಿಕ್ಕಿಬೀಳ್ತಿದ್ದರಾ? ಇಲ್ಲ ಅಂದರೆ ಮತ್ತೆ ಬರೆಯಿರಿ. ಇನ್ನೊಂದು, ಎಳೆಹೂಟೆಯ ದೃಶ್ಯ ಬಂದ ಮೇಲೆ ಅದೇ ಬಗೆಯ ಇನ್ನೊಂದು ಸಾವು ಇಟ್ಟರೆ ಎರಡೂ ಸೊರಗುತ್ತವೆ. ಎರಡನೆಯದು ಬೇರೆ ಥರದ ನೋವಾಗಬೇಕು.

ಅದಕ್ಕೆ ಬೇಕಾದ್ದು ಮೇಲೆ ಹೇಳಿದ ಸ್ಮೃತಿಯ ಪ್ರಾಯಶ್ಚಿತ್ತ ಭಾಗದಲ್ಲೇ ಇದೆ. ಪತಿತನಾದವನಿಗೆ, ಅಂದರೆ ಜಾತಿಭ್ರಷ್ಟನಿಗೆ, ಅವನು ಬದುಕಿರುವಾಗಲೇ ಬಂಧುಗಳು ಊರ ಹೊರಗೆ ನೀರಿನ ಕೊಡ ಬೋರಲು ಹಾಕಿಸಿ ಸಂಬಂಧ ಕಡಿದುಕೊಳ್ತಾರೆ. ಹೆಣ್ಣಿಗೂ ಅದೇ ವಿಧಿ, ಆದರೆ ಅವಳಿಗೆ ಮನೆಯ ಹತ್ತಿರ ಒಂದು ಗುಡಿಸಲು, ಅನ್ನ, ಬಟ್ಟೆ, ಕಾವಲು ಕೊಡಬೇಕು ಅನ್ನುತ್ತೆ. ಇದಕ್ಕಿಂತ ಭೀಕರವಾದ ಮುಕ್ತಾಯ ನೀವು ಕಟ್ಟಿ ತರೋಕಾಗಲ್ಲ. ಅವನನ್ನು ಕೊಂದಿದ್ದಾರೆ. ಅವಳನ್ನು ಹಿಡಿದು ತಂದಿದ್ದಾರೆ. ಅಪ್ಪನ ಮನೆಯ ಹಿತ್ತಿಲಲ್ಲಿ ಅವಳಿದ್ದಾಳೆ, ಒಳಗೆ ಅವಳ ಹೆಸರು ಸತ್ತವರ ಸಾಲಿನಲ್ಲಿದೆ, ಹೊತ್ತಿಗೆ ಸರಿಯಾಗಿ ಅನ್ನ ಬರುತ್ತೆ. ಹೀಗೇ ಮೂವತ್ತು ವರ್ಷ. ಸೈನಿಕರೂ ಬೇಡ, ಕತ್ತಿಯೂ ಬೇಡ.

ಎರಡರ ನಡುವಿನ ದಾರಿಗೂ ಚರಿತ್ರೆಯಲ್ಲಿ ಉದಾಹರಣೆ ಇದೆ. ಪೇಶ್ವೆ ಬಾಜೀರಾಯ 1740ರ ಏಪ್ರಿಲ್ 28ರಂದು ತೀರಿಕೊಂಡ, ಅವನು ಪ್ರೀತಿಸಿದ ಮಸ್ತಾನಿಯೂ ಅದೇ ವರ್ಷ. ಪುಣೆಯ ಮನೆತನ ಅವಳನ್ನು ಒಪ್ಪಲೇ ಇಲ್ಲ. ಆದರೆ ಮಗ ಶಂಶೇರ್ ಬಹಾದ್ದೂರ್ 1761ರಲ್ಲಿ ಪಾಣಿಪತ್ತಿನಲ್ಲಿ ಪೇಶ್ವೆಗಳ ಕಡೆಯಿಂದಲೇ ಕಾದಾಡಿ, ಆ ಗಾಯಗಳಿಂದ ಪ್ರಾಣ ಬಿಟ್ಟ, ಮೊಮ್ಮಗ ಅಲೀ ಬಹಾದ್ದೂರನ ವಂಶ ಬಾಂದಾದ ನವಾಬರದಾಯ್ತು. ಪ್ರೇಮಿಗಳಿಗೆ ದುರಂತ, ಸಂತಾನಕ್ಕೆ ಅಲ್ಲ. ನಿಮ್ಮ ಕಥೆಗೆ ಮಗು ಇದೆಯೋ ಇಲ್ಲವೋ ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ಕರಡುಪ್ರತಿ:

ಗುಡಿಸಲಿನ ಮುಕ್ತಾಯ ಎದೆಗೆ ನಾಟಿತು. ಆದರೂ ಪೂರ್ವದ ದಾರಿಯ ಕಡೆಗೇ ಮನಸ್ಸು ವಾಲುತ್ತಿದೆ. ಎರಡು ಅನುಮಾನ. ಗಡಿ ದಾಟಿದ ಕೂಡಲೇ ಕಷ್ಟ ಮುಗಿಯಿತು ಅನ್ನೋ ಹಾಗೆ ಆಗದಿರಲು ಏನು ಮಾಡಬೇಕು? 1183ರ ಹೊತ್ತಿಗೆ ಚಾಲುಕ್ಯ ನಾಲ್ಕನೇ ಸೋಮೇಶ್ವರ ಕಲ್ಯಾಣವನ್ನು ಮತ್ತೆ ಗೆಲ್ಲುತ್ತಾನಲ್ಲ, ಆಗ ಅವರನ್ನು ಊರಿಗೆ ವಾಪಸ್ ಕರೆತರಬಹುದಾ?

ಶಾಸನಪ್ರಿಯ:

ವಾಪಸ್ ಕರೆತರಬೇಡಿ. ಬಿಜ್ಜಳನ ವಂಶದ ಕಳಚುರಿಗಳು ಹೋಗಿ ಚಾಲುಕ್ಯರು ಬಂದರೂ ಅಗ್ರಹಾರ ಅಲ್ಲೇ ಇದೆ, ಸ್ಮೃತಿ ಅದೇ ಇದೆ. ಅವರನ್ನು ತಡೆದವನು ಬಿಜ್ಜಳ ಒಬ್ಬನೇ ಅಂತ ಓದುಗರಿಗೆ ಅನ್ನಿಸಿದರೆ ಇಡೀ ಕಾದಂಬರಿ ಸಣ್ಣದಾಗುತ್ತೆ.

ಕಾಕತೀಯ ಸೀಮೆಯಲ್ಲೂ ವರ್ಣ ಇದೆ, ಅಗ್ರಹಾರಗಳಿವೆ. ಗಡಿ ದಾಟಿದರೆ ತಪ್ಪೋದು ಬಿಜ್ಜಳನ ಶಿಕ್ಷೆ ಮಾತ್ರ. ಹೊಸ ಊರಲ್ಲಿ ನೀವು ಯಾರ ಪೈಕಿ ಅನ್ನೋ ಪ್ರಶ್ನೆ ಮೊದಲ ದಿನವೇ ಎದುರಾಗುತ್ತೆ. ಅದಕ್ಕೆ ಉತ್ತರ ಇಷ್ಟಲಿಂಗ ದೀಕ್ಷೆಯಲ್ಲಿದೆ. ಹರಳಯ್ಯ, ಮಧುವರಸರ ಮಕ್ಕಳ ಮದುವೆಯಲ್ಲಿ ಶರಣರ ವಾದವೂ ಇದೇ ಆಗಿತ್ತು: ಲಿಂಗವಂತರಾದ ಮೇಲೆ ಪೂರ್ವಾಶ್ರಮದ ಜಾತಿ ಎಣಿಸಬಾರದು, ಹಾಗಾಗಿ ಇದು ವರ್ಣಸಂಕರವೇ ಅಲ್ಲ. ನಿಮ್ಮ ಜೋಡಿ ದೀಕ್ಷೆ ಯಾವಾಗ ತಗೊಳ್ಳುತ್ತೆ ಅನ್ನೋದನ್ನು ಈಗಲೇ ತೀರ್ಮಾನಿಸಿ. ಪ್ರೇಮಕ್ಕೆ ಮೊದಲೇ ಆದರೆ ಅವರ ಕಣ್ಣಲ್ಲಿ ಅವರು ತಪ್ಪಿತಸ್ಥರೇ ಅಲ್ಲ, ಕಥೆಯ ನಡಿಗೆಯೇ ಬೇರೆ. ಪಾರಾಗೋದಕ್ಕಾಗಿ ತಗೊಂಡರೆ ಶರಣರಲ್ಲೇ ಒಬ್ಬರು ಇದು ಭಕ್ತಿಯೋ ಉಪಾಯವೋ ಅಂತ ಕೇಳಲೇಬೇಕು. ನನಗೆ ಎರಡನೆಯದು ಹೆಚ್ಚು ಹಿಡಿಸುತ್ತೆ, ಅವಳು ಆ ಪ್ರಶ್ನೆಗೆ ಉತ್ತರ ಹುಡುಕುವ ಪಾತ್ರ ಆಗ್ತಾಳೆ.

ಮೂಡಣದಾರಿ:

ಗಡಿಯನ್ನು ಕೊನೆಯ ಅಧ್ಯಾಯದಲ್ಲಿ ಇಡಬೇಡಿ. ಪುಸ್ತಕದ ಮುಕ್ಕಾಲು ಭಾಗದ ಹೊತ್ತಿಗೆ ದಾಟಿಸಿಬಿಡಿ. ಉಳಿದ ಕಾಲು ಭಾಗದಲ್ಲಿ ಬೆಲೆ ತೆರಲಿ. ಅವಳಿಗೆ ತೆಲುಗು ಬರಲ್ಲ. ಅವನಿಗೆ ನದಿ ಇಲ್ಲ, ಓರುಗಲ್ಲಿನ (ಇಂದಿನ ವಾರಂಗಲ್) ಕಡೆ ಕೆರೆ, ಏರಿ, ತೂಬು, ಕಸುಬು ಹೊಸದಾಗಿ ಕಲಿಯಬೇಕು. ಸಾರ್ಥದವರ ಬಾಯಲ್ಲಿ ಎರಡು ಸುದ್ದಿ ಬರಲಿ, ಒಂದೇ ಸಲ ಅಲ್ಲ: ಅವನ ಅಣ್ಣನಿಗೆ ಆದ ಶಿಕ್ಷೆ, ಆಮೇಲೆ ಅವಳ ಅಪ್ಪ ಅವಳ ಹೆಸರಲ್ಲಿ ಕೊಡ ಬೋರಲು ಹಾಕಿಸಿದ್ದು. ರುದ್ರರಂಗ ಹೇಳಿದ ದುರಂತದ ಅರ್ಧ ಹೀಗೆ ಸುಖಾಂತದ ಒಳಗೇ ಕೂರುತ್ತೆ, ಅದೂ ದೂರದಿಂದ ಕೇಳಿದ್ದಾಗಿ, ಏನೂ ಮಾಡಲಾಗದ ಹಾಗೆ.

ಪಾರಾಗುವ ಸಾಧನಗಳೆಲ್ಲ ಮೊದಲ ಮೂರನೇ ಒಂದು ಭಾಗದೊಳಗೆ ಬೇರೆ ಕೆಲಸಕ್ಕಾಗಿ ಕಾಣಿಸಿಕೊಂಡಿರಬೇಕು. ಓರೆಯಾಗಿ ದಾಟುವ ಕಸುಬು ಬಸಿರಿಯೊಬ್ಬಳನ್ನು ತವರಿಗೆ ಮುಟ್ಟಿಸುವಾಗ, ಸಾರ್ಥದ ವರ್ತಕ ಹರಿಗೋಲಿನ ಕೂಲಿಗೆ ಚೌಕಾಸಿ ಮಾಡುವಾಗ, ರುದ್ರದೇವನ ಹೆಸರು ಸುಂಕದ ಜಗಳದಲ್ಲಿ. ಆಮೇಲೆ ಬೇಕಾದಾಗ ಓದುಗರೇ ನೆನಪಿಸಿಕೊಳ್ತಾರೆ, ನೀವು ವಿವರಿಸೋ ಅಗತ್ಯ ಬೀಳಲ್ಲ.

ರುದ್ರರಂಗ:

ಹಾಗಾದರೆ ನನ್ನದೊಂದೇ ಬೇಡಿಕೆ. ಅಪ್ಪನನ್ನು ಖಳ ಮಾಡಬೇಡಿ. ಕೊಡ ಬೋರಲು ಹಾಕಿಸದಿದ್ದರೆ ಅವನ ಉಳಿದ ಹೆಣ್ಣುಮಕ್ಕಳಿಗೆ ಗಂಡು ಸಿಗಲ್ಲ, ಗಂಡುಮಕ್ಕಳನ್ನು ಪಂಕ್ತಿಯಲ್ಲಿ ಕೂರಿಸಲ್ಲ, ಅಗ್ರಹಾರದ ವೃತ್ತಿಭೂಮಿಗೂ ಕುತ್ತು. ಆ ಲೆಕ್ಕ ಅವನ ಬಾಯಿಂದಲೇ ಒಂದು ಸಲ ಪೂರ್ತಿ ಬರಲಿ, ಹೆಂಡತಿಯ ಎದುರು. ಮತ್ತೆ ಹಿಂಬದಿಯ ರಕ್ಷಾಪುಟದಲ್ಲಿ ಪ್ರೇಮಕಥೆ ಅಂತ ಅಚ್ಚು ಹಾಕಿಸಿದರೆ ಜೋಡಿ ಉಳಿಯುತ್ತೆ ಅನ್ನೋ ಮಾತು ಕೊಟ್ಟ ಹಾಗೆ. ಐತಿಹಾಸಿಕ ಕಾದಂಬರಿ ಅಂತಷ್ಟೇ ಹಾಕಿಸಿ, ಹೊಳೆ ದಾಟುವವರೆಗೂ ಓದುಗರಿಗೆ ಭಯ ಇರಲಿ.