ಪದಚರ್ಚೆ: ‘ಸಮದಂಡ’ ಎಂದರೆ ಸಾಕೇ?

ಪ್ರಶ್ನೆ:

ಮಾನ್ಯರೇ, ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ನಿಯಮ ಮುರಿದ ವಿಶ್ವವಿದ್ಯಾಲಯಗಳಿಗೆ ಅಲ್ಲಿನ ಕ್ರೀಡಾ ಆಡಳಿತ ಸಂಸ್ಥೆಯಾದ ಎನ್‌ಸಿಎಎ ವಿಧಿಸುವ ಶಿಕ್ಷೆಗಳು ಒಂದೇ ತೆರನಾಗಿಲ್ಲವೆಂದು ದೂರುವ ಲೇಖನವೊಂದನ್ನು ಕ್ರೀಡಾ ಪುರವಣಿಗಾಗಿ ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕಳುಹಿಸಬೇಕು. ‘ಫೇರ್‌ನೆಸ್’ ಮತ್ತು ‘ಕನ್ಸಿಸ್ಟೆನ್ಸಿ’ ಎರಡನ್ನೂ ಒಳಗೊಳ್ಳುವಂತೆ ಶೀರ್ಷಿಕೆಯಲ್ಲಿ ‘ಸಮದಂಡ’ ಎಂದು ಬಳಸಬಹುದೇ? ‘ವೆಕೇಟೆಡ್ ವಿನ್ಸ್’ ಮತ್ತು ‘ಬೌಲ್ ಬ್ಯಾನ್’ ಎಂಬುವಕ್ಕೂ ಪದ ಬೇಕಾಗಿದೆ.

ಉತ್ತರ:

‘ಸಮ’ ಬೇಡ, ‘ಸರಿದಂಡ’ ಎನ್ನಿ. ‘ದಂಡ’ ನಮ್ಮ ‘ದಡಿ’ಯಿಂದ ಸಂಸ್ಕೃತಕ್ಕೆ ಹೋದ ಪದವೆಂಬ ನನ್ನ ವಾದವನ್ನು ಈ ಬಳಗದಲ್ಲಿ ಹಿಂದೆಯೇ ವಿವರವಾಗಿ ಬರೆದಿದ್ದೇನೆ, ಮತ್ತೆ ಬರೆಯುವುದಿಲ್ಲ. ‘ರದ್ದು’, ‘ಜುಲ್ಮಾನೆ’ ಮುಂತಾದ ಕಚೇರಿಯ ಕಸವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳಬೇಡಿ.

ಮರು ಉತ್ತರ:

ಕೇಳಿದವರಿಗೆ ನಾಳೆಯೇ ಗಡುವಿರುವಾಗ ದಡಿಯ ವ್ಯುತ್ಪತ್ತಿಯಿಂದ ಅವರಿಗೇನೂ ಉಪಯೋಗವಿಲ್ಲ.

‘ದಂಡ ತೆತ್ತ’, ‘ದಂಡ ಬಿತ್ತು’ ಎಂದಾಗ ಕನ್ನಡದ ಓದುಗನ ಮನಸ್ಸಿಗೆ ಬರುವುದು ಹಣ. ಶಿಕ್ಷೆಯೆಂಬ ಅಗಲವಾದ ಅರ್ಥ ಇಂದು ಉಳಿದಿರುವುದು ‘ದಂಡನೆ’ಯಲ್ಲಿ. ಈ ಲೇಖನದ ಮಟ್ಟಿಗೆ ಆ ಅಂತರವನ್ನು ಮರೆಯುವಂತಿಲ್ಲ. ಟೆಕ್ಸಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯವು ಆಟಗಾರರಿಗೆ ಗುಟ್ಟಾಗಿ ಹಣ ಹಂಚಿ ಮತ್ತೊಮ್ಮೆ ಸಿಕ್ಕಿಬಿದ್ದಾಗ, ಎನ್‌ಸಿಎಎ 1987ರ ಇಡೀ ಋತುವನ್ನೇ ರದ್ದುಮಾಡಿ, ಮರುವರ್ಷ ತವರಿನಲ್ಲಿ ಒಂದು ಪಂದ್ಯವನ್ನೂ ಆಡಬಾರದೆಂದಿತು. ವಿಶ್ವವಿದ್ಯಾಲಯ 1988ರ ಆಟವನ್ನು ತಾನಾಗಿಯೇ ಕೈಬಿಟ್ಟಿತು, ಋತುವಿನ ಕೊನೆಯಲ್ಲಿ ನಡೆಯುವ ಬೌಲ್ ಪಂದ್ಯವೊಂದನ್ನು ಮತ್ತೆ ಆಡಿದ್ದು 2009ರಲ್ಲಿ. ಎನ್‌ಸಿಎಎಯ ಆ ಶಿಕ್ಷೆಯನ್ನು ಅಲ್ಲಿಯವರು ಇಂದಿಗೂ ‘ಮರಣದಂಡನೆ’ ಎಂದೇ ಕರೆಯುತ್ತಾರೆ. ಇತ್ತ ಮಿಷಿಗನ್ ತಂಡದ ಸಿಬ್ಬಂದಿಯೊಬ್ಬ, ಮುಂದೆ ಎದುರಾಗಲಿದ್ದ ತಂಡಗಳ ಪಂದ್ಯಗಳಿಗೆ ಟಿಕೆಟ್ ಕೊಂಡು ಜನರನ್ನು ಕಳುಹಿಸಿ, ಆ ತಂಡಗಳ ತರಬೇತುದಾರರು ಆಟಗಾರರಿಗೆ ತಂತ್ರ ತಿಳಿಸುವ ಸನ್ನೆಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡ ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ಎನ್‌ಸಿಎಎ ಪೀಠದ ತೀರ್ಪು ಬಂತು. ಒಂದಕ್ಕಿಂತ ಹೆಚ್ಚು ವರ್ಷ ಋತುವಿನ ಕೊನೆಯ ಪಂದ್ಯಗಳಿಂದ ಹೊರಗಿಡಲು ಸಾಕಷ್ಟು ಕಾರಣವಿದೆಯೆಂದು ಪೀಠವೇ ಒಪ್ಪಿಕೊಂಡಿತು. ಆದರೆ ಆಗ ತಂಡದಲ್ಲಿಲ್ಲದ ಹುಡುಗರು ಅದನ್ನು ಅನುಭವಿಸುವುದು ಅನ್ಯಾಯವೆಂದು, ಎರಡು ಋತುಗಳ ಆ ಪಂದ್ಯಗಳಿಂದ ಬರಬಹುದಾಗಿದ್ದ ಆದಾಯದಷ್ಟು ಹಣವನ್ನು ಕಟ್ಟಬೇಕೆಂದಿತು. ತರಬೇತುದಾರರ ಮೇಲಿನ ಕ್ರಮಗಳನ್ನೂ ಹೊಸ ಆಟಗಾರರನ್ನು ಸೇರಿಸಿಕೊಳ್ಳುವುದರ ಮೇಲಿನ ಕೆಲವು ನಿರ್ಬಂಧಗಳನ್ನೂ ಬಿಟ್ಟರೆ, ಟೆಕ್ಸಾಸಿನವರಿಗೆ ಸಿಕ್ಕಿದ್ದು ದಂಡನೆ, ಮಿಷಿಗನ್‌ಗೆ ಬಿದ್ದದ್ದು ದಂಡ. ಎರಡನ್ನೂ ‘ಸಮದಂಡ’ದ ಚೀಲಕ್ಕೆ ತುಂಬಿದರೆ ಲೇಖನದ ದೂರು ಏನೆಂಬುದೇ ತಿಳಿಯದು.

ಎರಡು ಇಂಗ್ಲಿಷ್ ಪದಗಳಿಗೆ ಒಂದೇ ಕನ್ನಡ ಪದ ಹುಡುಕುವುದೂ ಇಲ್ಲಿ ತಪ್ಪು. ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ರೆಗಿ ಬುಷ್ ಆಡುತ್ತಿದ್ದಾಗ ಅವರೂ ಅವರ ಕುಟುಂಬದವರೂ ಹೊರಗಿನವರಿಂದ ಹಣ, ಸವಲತ್ತು ಪಡೆದದ್ದಕ್ಕೆ ಶಿಕ್ಷೆ ಬಂದದ್ದು 2010ರಲ್ಲಿ. ಅಷ್ಟರಲ್ಲಿ ಅವರು ವೃತ್ತಿಪರ ಲೀಗಿಗೆ ಹೋಗಿ ನಾಲ್ಕು ವರ್ಷಗಳಾಗಿದ್ದವು. ಎರಡು ವರ್ಷದ ಬೌಲ್ ನಿಷೇಧವೂ 30 ವಿದ್ಯಾರ್ಥಿವೇತನಗಳ ಕಡಿತವೂ ಬಿದ್ದದ್ದು, ಆ ತಪ್ಪು ನಡೆದಾಗ ಹೈಸ್ಕೂಲಿನಲ್ಲಿಯೋ ಅದಕ್ಕೂ ಕೆಳಗೋ ಓದುತ್ತಿದ್ದ ಹುಡುಗರ ಮೇಲೆ. ಈ ಪೂರ್ವನಿದರ್ಶನವನ್ನು ಪಾಲಿಸಿದ್ದರೆ ಮಿಷಿಗನ್‌ಗೂ ನಿಷೇಧ ಬರಬೇಕಿತ್ತು. ಮಿಷಿಗನ್ ಪೀಠದ ತರ್ಕ ಸರಿಯೆಂದರೆ 2010ರ ಶಿಕ್ಷೆಯೇ ತಪ್ಪು. ಅಂದರೆ ಏಕರೂಪತೆಯನ್ನು ಉಳಿಸಲು ಹೋದರೆ ನ್ಯಾಯ ಕೆಡುತ್ತದೆ, ನ್ಯಾಯ ಮಾಡಲು ಹೋದರೆ ಏಕರೂಪತೆ ಕೆಡುತ್ತದೆ. ಆದ್ದರಿಂದ ಲೇಖನದೊಳಗೆ ‘ನ್ಯಾಯ’ ಮತ್ತು ‘ಏಕರೂಪತೆ’ ಎಂಬ ಎರಡು ಪದಗಳನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಿ.

ಶೀರ್ಷಿಕೆಗೆ ‘ಒಬ್ಬರಿಗೊಂದು ನ್ಯಾಯ, ಇನ್ನೊಬ್ಬರಿಗೊಂದು ನ್ಯಾಯ’ ಎಂಬ ರೂಢಿಯ ಮಾತು ಸಾಕು. ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಎನ್ನಬೇಡಿ, ಏಕೆಂದರೆ ಅದು ಬೇಕೆಂದೇ ಮಾಡಿದ ಪಕ್ಷಪಾತವನ್ನು ಆರೋಪಿಸುತ್ತದೆ. ಅಲ್ಲಿ ಒಂದೊಂದು ಪ್ರಕರಣಕ್ಕೆ ಒಂದೊಂದು ಪೀಠ ಕೂರುತ್ತದೆ. ಎನ್‌ಸಿಎಎಗೆ ನ್ಯಾಯಾಲಯದಂತೆ ಸಾಕ್ಷಿಗಳನ್ನು ಬಲವಂತವಾಗಿ ಕರೆಸುವ ಅಧಿಕಾರವಿಲ್ಲದ್ದರಿಂದ, ತನಿಖೆಯು ತಪ್ಪು ಮಾಡಿದವರ ಸಹಕಾರವನ್ನೇ ಬಹುಮಟ್ಟಿಗೆ ನೆಚ್ಚಿಕೊಂಡಿರುತ್ತದೆ. ಏರುಪೇರಿಗೆ ಇಷ್ಟು ಕಾರಣ ಸಾಕು.

‘ವೆಕೇಟೆಡ್ ವಿನ್ಸ್’ಗೆ ‘ರದ್ದಾದ ಗೆಲುವು’ ಎಂದರೆ ಪಂದ್ಯವೇ ನಡೆಯಲಿಲ್ಲವೆಂಬ ಭ್ರಮೆ ಬರುತ್ತದೆ. ಇಲ್ಲಿ ಗೆದ್ದವರ ಲೆಕ್ಕದಿಂದ ಗೆಲುವು ಹೋಗುತ್ತದೆ, ಸೋತವರ ಸೋಲು ಮಾತ್ರ ಹಾಗೆಯೇ ಉಳಿಯುತ್ತದೆ. ಈ ವಿಚಿತ್ರಕ್ಕೆ ‘ದಾಖಲೆಯಿಂದ ಅಳಿಸಿದ ಗೆಲುವು’ ಎಂಬುದೇ ಸ್ಪಷ್ಟ. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ 112 ಗೆಲುವುಗಳನ್ನು 2012ರಲ್ಲಿ ಅಳಿಸಿ 2015ರಲ್ಲಿ ಮರಳಿ ಬರೆದರು. ‘ಅಳಿಸು’ ಇದ್ದರೆ ‘ಮರಳಿ ಬರೆ’ ಎನ್ನುವುದೂ ಸಲೀಸು.

ಇನ್ನು ‘ಜುಲ್ಮಾನೆ’ಯ ವಿಷಯ. ತಲೆಮಾರುಗಳಿಂದ ಹಳ್ಳಿಯವರೂ ಆಡುತ್ತಿರುವ ಪದವನ್ನು ಪಾರಸಿಯಿಂದ ಬಂದಿತೆಂಬ ಒಂದೇ ಕಾರಣಕ್ಕೆ ಕಸವೆಂದು ಕರೆಯುವವರು, ತಮ್ಮ ಉತ್ತರದಲ್ಲಿಯೇ ಇರುವ ‘ಕಚೇರಿ’ ಎಲ್ಲಿಂದ ಬಂತೆಂದು ಒಮ್ಮೆ ನಿಘಂಟು ತೆರೆದು ನೋಡಲಿ. ಮಿಷಿಗನ್ ಪ್ರಕರಣಕ್ಕೆ ‘ಜುಲ್ಮಾನೆ’ಯೇ ತಕ್ಕ ಪದ, ಅದಕ್ಕೆ ಹಣವೆಂಬ ಅರ್ಥ ಬಿಟ್ಟು ಬೇರೆ ಅರ್ಥವಿಲ್ಲ.

‘ಬೌಲ್ ನಿಷೇಧ’ ಎಂದಷ್ಟೇ ಬರೆದರೆ ನಮ್ಮ ಓದುಗರು ಯಾರೋ ಬೌಲರ್ ಚಕ್ ಮಾಡಿ ಸಿಕ್ಕಿಬಿದ್ದನೆಂದು ತಿಳಿಯುತ್ತಾರೆ. ಮೊದಲ ಸಲ ‘ಋತುವಿನ ಕೊನೆಯಲ್ಲಿ ನಡೆಯುವ ಪ್ರತಿಷ್ಠಿತ ಬೌಲ್ ಪಂದ್ಯಗಳಿಂದ ನಿಷೇಧ’ ಎಂದು ಬಿಡಿಸಿ ಬರೆದು, ಆಮೇಲೆ ಚಿಕ್ಕದು ಮಾಡಿಕೊಳ್ಳಿ.

ಉತ್ತರ:

‘ಕಚೇರಿ’ಯ ಚರ್ಚೆ ಬೇರೆ ಎಳೆಯಲ್ಲಿ ಆಗಲಿ. ಆ ಪಂದ್ಯಗಳಿಗೆ ಹೆಸರು ಬಂದದ್ದು ಬೋಗುಣಿಯ ಆಕಾರದ ಕ್ರೀಡಾಂಗಣದಿಂದ; ಕ್ಯಾಲಿಫೋರ್ನಿಯದ ಪಸಡೀನದಲ್ಲಿರುವ ರೋಸ್ ಬೌಲ್ ಕ್ರೀಡಾಂಗಣದ ಚಿತ್ರ ನೋಡಿ. ‘ಬೋಗುಣಿ ಪಂದ್ಯ’ ಎಂದು ಬರೆಯಲು ಏನು ಅಡ್ಡಿಯೆಂದು ಇನ್ನೂ ಯಾರೂ ಹೇಳಿಲ್ಲ.